ಹದಿನೇಳನೇ ಬ್ಲೇಡು

ನಮ್ಮ ಅಬ್ಬ ಖಲೀಲುಲ್ಲಾ ಹಿರಿಯೂರಿನಲ್ಲಿ ಹೈವೇ ಪಕ್ಕ ಲಾರಿಗಳ ಟಿಂಕರಿಂಗ್ ಕೆಲಸ ಮಾಡಿಕೊಂಡು ನಲವತ್ತು ವರ್ಷ ಕಳೆದವರು. ಜಜ್ಜಿಹೋದ ಕ್ಯಾಬಿನ್ನು, ನೆಗ್ಗಿದ ಬಾಗಿಲು, ಏನೇ ಬರಲಿ, ಒಳಗಡೆ ಡಾಲಿ ಎನ್ನುವ ಕಬ್ಬಿಣದ ಗಟ್ಟಿ ಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ತಗಡನ್ನು ಮೊದಲಿನಂತೆ ಮಾಡಿಬಿಡುತ್ತಿದ್ದರು. ಬೇರೆಯವರು ತಗ್ಗಿಗೆ ಪುಟ್ಟಿಯ ಲೇಪ ಮೆತ್ತಿ ಮೇಲೆ ಬಣ್ಣ ಬಳಿದು ಕೈತೊಳೆದುಕೊಳ್ಳುತ್ತಾರೆ. ಅಬ್ಬನಿಗೆ ಪುಟ್ಟಿ ಅಂದರೆ ಮೈಯೆಲ್ಲ ಉರಿ. ಕೆಲಸ ಮುಗಿದ ಮೇಲೆ ಲಾರಿಯವನನ್ನು ಕರೆದು, ಎಲ್ಲಿ ಬಿದ್ದಿತ್ತಪ್ಪ ಪೆಟ್ಟು, ತೋರಿಸು ನೋಡೋಣ ಅನ್ನುವುದು ಅವರ ಚಟ. ಅವನು ಕೈಯಾಡಿಸಿ ಆಡಿಸಿ ಸೋತು ನಕ್ಕರೆ ಅಬ್ಬನಿಗೆ ಅವತ್ತು ಊಟವೇ ಬೇಡ.

ನಾನು ಅವರ ಮಗಳು ಅಂಬ್ರೀನ್. ನನ್ನ ಕೆಲಸ ಅವರದಕ್ಕೆ ಪೂರ್ತಿ ಉಲ್ಟಾ. ಪೆಟ್ಟು ಎಲ್ಲಿದೆ ಎಂದು ಹುಡುಕಿ, ಕುರುಡನಿಗೂ ಕಾಣುವ ಹಾಗೆ ಕೆಂಪು ಮಾರ್ಕರಿನಲ್ಲಿ ಸುತ್ತು ಹಾಕುವುದು. ನಾಲ್ಕು ವರ್ಷ ಮೆಕ್ಯಾನಿಕಲ್ ಓದಿ, ಎರಡು ವರ್ಷ ವಿಮಾನದ ಎಂಜಿನ್ ತಪಾಸಣೆ ಕಲಿತು ನಾನು ಗಳಿಸಿದ್ದು ಇಷ್ಟೇ. ಅಪ್ಪ ಮುಚ್ಚುತ್ತಾರೆ, ಮಗಳು ಬಿಚ್ಚುತ್ತಾಳೆ ಎಂದು ನಮ್ಮ ಅಮ್ಮಿ ಖಾತುನ್ ಬೀ ಬಂದವರೆದುರೆಲ್ಲ ಹೇಳಿಕೊಂಡು ನಗುತ್ತಿದ್ದರು. ಈಗ ಆ ಮಾತನ್ನು ಅವರು ಆಡುವುದಿಲ್ಲ.

ಲಕ್ಷ್ಮೀಕಾಂತ್ ಸರ್ ಹೊಳಲ್ಕೆರೆಯವರು. ಬೆಂಗಳೂರಿನಲ್ಲಿ ವಿಮಾನದ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುವುದರಲ್ಲೇ ಆಯುಸ್ಸು ಸವೆಸಿ, ನಿವೃತ್ತರಾದ ಮೇಲೆ ಸುಮ್ಮನೆ ಕೂರಲಾರದೆ, ಹಳೆಯ ತರಬೇತಿ ವಿಮಾನದ ಜೆಟ್ ಎಂಜಿನ್ ಒಂದನ್ನು ಹರಾಜಿನಲ್ಲಿ ಹಿಡಿದರು. ಅದನ್ನು ನಾಲ್ಕು ಚಕ್ರದ ಮೇಲೆ ಕೂರಿಸಿ, ನೆಲದ ಮೇಲೆ ಗಂಟೆಗೆ ಐನೂರು ಕಿಲೋಮೀಟರ್ ದಾಟಬೇಕು ಅನ್ನುವುದು ಅವರ ಹುಚ್ಚು. ನನಗೂ ಅದೇ ಹುಚ್ಚು ಹತ್ತಿತು, ಸುಳ್ಳು ಯಾಕೆ ಹೇಳಲಿ. ಮೂರು ವರ್ಷ ಹಿಡಿದು ಕಟ್ಟಿದ ಕಾರಿಗೆ ವೇದಾವತಿ ಎಂದು ಹೆಸರಿಟ್ಟೆವು. ಹಿರೇಗುಂಟನೂರಿನ ಆಚೆ ಯಾವುದೋ ಕಂಪನಿ ಸರಕು ವಿಮಾನ ಇಳಿಸುತ್ತೇವೆಂದು ಹಾಕಿ, ಆಮೇಲೆ ದಿಕ್ಕಿಲ್ಲದಂತೆ ಬಿಟ್ಟುಹೋದ ನಾಲ್ಕೂವರೆ ಕಿಲೋಮೀಟರಿನ ಕಾಂಕ್ರೀಟು ದಾರಿ ಇತ್ತು. ಅದರ ತುದಿಯ ಶೆಡ್ಡೇ ನಮ್ಮ ಮನೆಯಾಯಿತು.

ಓಡಿಸುವವನು ನಿರಂಜನ್. ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನು, ರ‍್ಯಾಲಿಗಳಲ್ಲಿ ಹೆಸರು ಮಾಡಿದವನು. ನನ್ನನ್ನು ಅವನು ಕರೆಯುತ್ತಿದ್ದದ್ದು ರೌಂಡ್ ಮೇಡಂ ಅಂತ. ಕಾರಿನೊಳಗೆ ಕೂರುವ ಮುಂಚೆ ತನ್ನ ಮೊಣಕೈ ಚಾಚಿ, ಇಲ್ಲೊಂದು ಸೊಳ್ಳೆ ಕಚ್ಚಿದೆ, ಇದಕ್ಕೂ ಒಂದು ರೌಂಡ್ ಹಾಕಿಬಿಡಿ ಅನ್ನುತ್ತಿದ್ದ. ನಾನು ಹಾಕಿಯೂ ಬಿಡುತ್ತಿದ್ದೆ.

ಜೆಟ್ ಎಂಜಿನ್ನಿನ ದೊಡ್ಡ ಶತ್ರು ಕಲ್ಲು. ಎಂಜಿನ್ನಿನ ಬಾಯಿ ಎರಡು ಸೆಕೆಂಡಿಗೆ ಒಂದು ಕೋಣೆಯಷ್ಟು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ದಾರಿಯ ಮೇಲಿರುವ ಹರಳನ್ನೂ ಅದರ ಜೊತೆಗೇ. ಬಾಯಿಯ ಹಿಂದೆಯೇ ಗಾಳಿಯನ್ನು ಒತ್ತುವ ಮೊದಲ ಚಕ್ರ, ಅದರಲ್ಲಿ ಇಪ್ಪತ್ತೇಳು ಬ್ಲೇಡುಗಳು. ಕಣ್ಣಿಗೆ ಕಾಣದ ವೇಗದಲ್ಲಿ ತಿರುಗುವಾಗ ಒಂದು ಮುರಿದರೆ ಅದು ಹಿಂದಿನವನ್ನೆಲ್ಲ ಮುರಿಯುತ್ತ ಹೋಗುತ್ತದೆ. ಅದಕ್ಕಾಗಿ ಪ್ರತಿ ಓಟಕ್ಕೂ ಮೊದಲು ಹಿರೇಗುಂಟನೂರಿನ ಹತ್ತು ಹೆಂಗಸರು ದಾರಿಯನ್ನು ಹತ್ತು ಪಾಲು ಮಾಡಿಕೊಂಡು ಕಲ್ಲು ಆಯುತ್ತಿದ್ದರು. ಅವರ ಮೇಸ್ತ್ರಿ ಜಂಪಣ್ಣ. ಏಳನೇ ಪಾಲು ಕೆಂಚಕ್ಕನದು. ಕೆಂಚಕ್ಕ ಐವತ್ತೈದು ದಾಟಿದವಳು, ಚಪ್ಪಲಿ ಬಿಟ್ಟು ಬರಿಗಾಲಲ್ಲೇ ನಡೆಯುತ್ತಿದ್ದಳು. ಕಣ್ಣು ತಪ್ಪಿಸಿದ್ದು ಕಾಲಿಗೆ ಸಿಗುತ್ತದೆ ಅನ್ನುತ್ತಿದ್ದಳು. ಸಾಸಿವೆಯಷ್ಟು ಹರಳಿದ್ದರೆ ಬೆರಳಿಗೆ ಎಂಜಲು ಮುಟ್ಟಿಸಿ ಅಂಟಿಸಿಕೊಂಡು ಮಡಿಲಿಗೆ ಹಾಕುತ್ತಿದ್ದಳು. ಇಡೀ ಶೆಡ್ಡಿನಲ್ಲಿ ನನಗೆ ಸಮನಾಗಿ ಕೆಲಸ ಮಾಡುವ ಒಬ್ಬಳಿದ್ದರೆ ಅವಳೇ ಎಂದು ನಾನು ಲಕ್ಷ್ಮೀಕಾಂತ್ ಸರ್‌ಗೆ ಹೇಳಿದ್ದೆ.

ನನ್ನ ಪಾಲಿನ ಕೆಲಸ ಹೀಗೆ. ಮೂತಿಯ ತಗಡು ಬಿಚ್ಚಿ, ಒಂದು ಹಿಡಿ ಹತ್ತಿಯನ್ನು ಪ್ರತಿ ಬ್ಲೇಡಿನ ಅಂಚಿನ ಮೇಲೆ ಮೆಲ್ಲಗೆ ಎಳೆಯುವುದು. ಕಣ್ಣಿಗೆ ಕಾಣದ ಗಾಯಕ್ಕೂ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದ ಕಡೆ ಕೆಂಪು ಸುತ್ತು. ಸುತ್ತು ಬಿದ್ದದ್ದಕ್ಕೆ ಬಣ್ಣದ ಪರೀಕ್ಷೆ: ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಒಳಗೆ ಬಿರುಕಿದ್ದ ಕಡೆ ಕೆಂಪು ಗೆರೆ ಮೇಲೆದ್ದು ಬರುತ್ತದೆ. ಇಪ್ಪತ್ತೇಳಕ್ಕೂ ಆ ಪರೀಕ್ಷೆ ಮಾಡಲು ಅರ್ಧ ದಿನ ಬೇಕು. ಸುತ್ತು ಇದ್ದದ್ದಕ್ಕೆ ಮಾತ್ರ ಸಾಕು ಎಂಬ ನಿಯಮ ಬರೆದವಳು ನಾನೇ.

ಮೂತಿಯ ತಗಡು ಕಟ್ಟಲು ಬೆಂಗಳೂರಿನವರು ಒಪ್ಪಲಿಲ್ಲ, ಒಪ್ಪಿದವರಿಗೆ ಬರಲಿಲ್ಲ. ಅಬ್ಬನನ್ನು ಕರೆತಂದವಳು ನಾನು. ಮೂರು ವಾರದಲ್ಲಿ ಅವರು ಒಂದು ಉಬ್ಬುತಗ್ಗೂ ಇಲ್ಲದ ಮೂತಿ ಮಾಡಿ ಕೂರಿಸಿದಾಗ ಲಕ್ಷ್ಮೀಕಾಂತ್ ಸರ್ ಕೈ ಮುಗಿದರು. ಆದರೆ ನನ್ನ ಕೆಂಪು ಸುತ್ತುಗಳನ್ನು ಕಂಡರೆ ಅಬ್ಬನಿಗೆ ಆಗುತ್ತಿರಲಿಲ್ಲ. ಹನ್ನೊಂದು ಬ್ಲೇಡುಗಳ ಮೇಲೆ ಒಂದೊಂದು ಸುತ್ತು ಇದ್ದವು. ಎಲ್ಲವೂ ಹಳೆಯ ಸಣ್ಣ ಗಾಯಗಳು, ಪರೀಕ್ಷೆಯಲ್ಲಿ ಪಾಸಾದವು. ವಾಸಿಯಾದ ಗಾಯಕ್ಕೆ ಯಾಕೆ ಬೊಟ್ಟಿಡುತ್ತೀಯ, ನೋಡಿದವರು ಏನಂದುಕೊಳ್ಳಬೇಕು ಎಂದು ಗೊಣಗುತ್ತಿದ್ದರು. ಮುಚ್ಚಿಟ್ಟರೆ ಯಾರೋ ಸಾಯುತ್ತಾರೆ ಅಬ್ಬಾ ಎಂದು ನಾನು ಒಂದು ಸಲ ರೇಗಿಯೇ ಹೇಳಿದ್ದೆ. ಅವರು ತಲೆಯಾಡಿಸಿ ನಮಾಜಿಗೆ ಎದ್ದುಹೋದರು.

ಎರಡು ಓಟ ಚೆನ್ನಾಗಿ ಆದವು. ನಾನೂರು ದಾಟಿತು, ನಾನೂರ ಎಂಬತ್ತು ಮುಟ್ಟಿತು. ಮೂರನೆಯದಕ್ಕೆ ಐನೂರು. ಹಿಂದಿನ ದಿನ ನಾನು ಚಿತ್ರದುರ್ಗಕ್ಕೆ ಹೋಗಿ ಮಧ್ಯಾಹ್ನ ವಾಪಸು ಬಂದಾಗ ಅಬ್ಬ ಮೂತಿಯ ಬೋಲ್ಟು ನೋಡಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ನಾನು ಹತ್ತಿ ಆಡಿಸಿದೆ. ಹೊಸದಾಗಿ ಎಲ್ಲೂ ಸಿಕ್ಕಲಿಲ್ಲ. ಅದೇ ಹಳೆಯ ಹನ್ನೊಂದು. ಪುಸ್ತಕದಲ್ಲಿ ಹಾಗೆಂದು ಬರೆದು ಸಹಿ ಹಾಕಿದೆ.

ಮಾರನೆಯ ಬೆಳಿಗ್ಗೆ ಗುಡ್ಡದ ಮೇಲಿನ ಗಾಳಿಯಂತ್ರಗಳು ನಿಂತಿದ್ದವು. ಅವು ತಿರುಗುತ್ತಿದ್ದರೆ ನಾವು ಓಡಿಸುತ್ತಿರಲಿಲ್ಲ, ಅದೇ ನಮ್ಮ ಲೆಕ್ಕ. ಹೆಂಗಸರು ಕಲ್ಲು ಆಯ್ದು ದಾರಿ ಬಿಟ್ಟರು. ಆರೂವರೆಗೆ ನಿರಂಜನ್ ಹೊರಟ. ಸದ್ದು ಎದೆಯೊಳಗೇ ಎದ್ದಂತೆ ಆಗುತ್ತದೆ ಅದು, ಎಷ್ಟು ಸಲ ಕೇಳಿದರೂ. ಅಬ್ಬ ನನ್ನ ಪಕ್ಕದಲ್ಲೇ ನಿಂತಿದ್ದರು. ಏಳನೇ ಪಾಲಿಗೆ ಬಂದಾಗ ಒಂದು ಗಟ್ಟಿ ಸದ್ದು ಬಂತು, ಹಿಂದೆ ಉದ್ದಕ್ಕೆ ಬೆಂಕಿ ಕಂಡಿತು. ಎಂಜಿನ್ ನಿಂತರೂ ಕಾರು ನಿಲ್ಲುವುದಿಲ್ಲ, ಅದನ್ನು ನಿಲ್ಲಿಸುವುದು ಬಾಲದ ಪ್ಯಾರಾಶೂಟ್. ಅದು ಬಿಚ್ಚಿಕೊಳ್ಳಲೇ ಇಲ್ಲ. ಮುರಿದ ಬ್ಲೇಡುಗಳು ಎಂಜಿನ್ನಿನ ಮೈ ಹರಿದುಕೊಂಡು ಬಂದು ಪ್ಯಾರಾಶೂಟಿನ ಕೇಬಲ್ಲನ್ನು ಕತ್ತರಿಸಿದ್ದವು ಎಂದು ಆಮೇಲೆ ಗೊತ್ತಾಯಿತು. ವೇದಾವತಿ ದಾರಿ ಮುಗಿದ ಮೇಲೂ ಓಡಿ, ಹೊಲದ ಮಣ್ಣನ್ನು ಸೀಳಿ, ಕಲ್ಲಿನ ಕಾಂಪೌಂಡಿಗೆ ಬಡಿಯಿತು.

ನಿರಂಜನನನ್ನು ಹೊರಗೆ ತೆಗೆಯಲು ತಗಡು ಕತ್ತರಿಸಬೇಕಾಯಿತು. ಆ ತಗಡು ಎಲ್ಲಿ ಹೇಗೆ ಕೂಡಿದೆ ಎಂದು ಗೊತ್ತಿದ್ದವರು ಅಬ್ಬ ಒಬ್ಬರೇ. ತಾವು ಕಟ್ಟಿದ್ದನ್ನು ತಾವೇ ಕತ್ತರಿಸಿದರು. ಜೀವ ಆಗಲೇ ಹೋಗಿತ್ತು. ಅವನ ಮೊಣಕೈ ಮೇಲೆ ಬೆಳಿಗ್ಗೆ ನಾನು ಹಾಕಿದ ಕೆಂಪು ಸುತ್ತು ಹಾಗೇ ಇತ್ತು.

ಕಾರಣ ಹುಡುಕಲು ಯಾರೂ ಕಷ್ಟಪಡಲಿಲ್ಲ. ಎಂಜಿನ್ನಿನ ಒಳಗೆ ಕಲ್ಲಿನ ಪುಡಿ ಇತ್ತು. ಹೊಲದಲ್ಲಿ ಅಷ್ಟು ದೂರ ಮೂತಿ ಉಜ್ಜಿಕೊಂಡು ಹೋದರೆ ಕಲ್ಲಲ್ಲದೆ ಇನ್ನೇನು ಇರುತ್ತದೆ. ಆದರೆ ಸದ್ದು ಬಂದದ್ದು ಏಳನೇ ಪಾಲಿನಲ್ಲಿ, ಎಂಜಿನ್ನಿನಲ್ಲಿ ಕಲ್ಲಿದೆ, ಕಲ್ಲು ಆಯ್ದವಳು ಕೆಂಚಕ್ಕ. ಎರಡು ದಿನದಲ್ಲಿ ಈ ಮೂರು ಮಾತು ಸೇರಿ ಒಂದೇ ಮಾತಾಯಿತು. ಜಂಪಣ್ಣ ಪೊಲೀಸರ ಮುಂದೆ, ಉಳಿದ ಒಂಬತ್ತು ಪಾಲು ಚೊಕ್ಕಟ ಇತ್ತು ಸ್ವಾಮಿ ಎಂದು ಹೇಳಿಕೆ ಕೊಟ್ಟು ತನ್ನ ತಲೆ ಉಳಿಸಿಕೊಂಡ. ಲಕ್ಷ್ಮೀಕಾಂತ್ ಸರ್ ಶೆಡ್ಡು ಬಿಟ್ಟು ಹೊಳಲ್ಕೆರೆಯ ಮನೆ ಸೇರಿದರು. ಬೆಂಗಳೂರಿನಿಂದ ಮೂವರ ಸಮಿತಿ ಸೋಮವಾರ ಹನ್ನೊಂದು ಗಂಟೆಗೆ ಬರುವುದಿತ್ತು. ಅಷ್ಟರೊಳಗೆ ಚೂರುಗಳನ್ನೆಲ್ಲ ಜೋಡಿಸಿ ಪಟ್ಟಿ ಮಾಡಿಡಿ ಎಂದು ಸಮಿತಿಯವರು ನನಗೆ ಹೇಳಿ ಕಳಿಸಿದ್ದರು.

ಶುಕ್ರವಾರ ಶೆಡ್ಡಿನಲ್ಲಿ ಒಬ್ಬಳೇ ಕೂತು ಮೊದಲ ಚಕ್ರ ಬಿಚ್ಚಿದೆ. ಇಪ್ಪತ್ತೇಳು ಬ್ಲೇಡುಗಳೂ ಮುರಿದಿದ್ದವು. ಇಪ್ಪತ್ತಾರರ ಮುರಿತ ಒಂದೇ ಥರ, ಬೆಳ್ಳಗೆ, ಒಮ್ಮೆಲೇ ಕಿತ್ತದ್ದು. ಹದಿನೇಳನೆಯದು ಬೇರೆ. ಅದರ ಮುರಿತದ ಅಂಚಿನಲ್ಲಿ ಉಗುರಿನಷ್ಟು ಜಾಗ ಕಪ್ಪಾಗಿತ್ತು. ಮೊದಲೇ ಹುಟ್ಟಿದ ಬಿರುಕು ಎಂಜಿನ್ ಸುತ್ತಿದಷ್ಟೂ ಬೆಳೆದು, ತಾಳುವಷ್ಟು ತಾಳಿ, ಕೊನೆಗೆ ಕಿತ್ತದ್ದು. ಲೆನ್ಸು ಹಿಡಿದು ನೋಡಿದೆ. ಕಪ್ಪಿನ ಪಕ್ಕದಲ್ಲೇ ಅಂಚಿನ ಮೇಲೆ ಸಣ್ಣ ಸಣ್ಣ ಗೆರೆಗಳು, ಎಲ್ಲವೂ ಬಲದಿಂದ ಎಡಕ್ಕೆ ಓರೆಯಾಗಿ, ಕೊನೆಯಲ್ಲಿ ಚೂರು ಬಾಗಿ. ಆ ಬ್ಲೇಡಿನ ಮೇಲೆ ಕೆಂಪು ಸುತ್ತು ಇರಲಿಲ್ಲ.

ನಮ್ಮ ಅಬ್ಬನ ಬಲಗೈ ತೋರುಬೆರಳು ಮಡಚುವುದಿಲ್ಲ. ಚಿಕ್ಕವರಿದ್ದಾಗ ತಗಡು ಕುಯ್ದು ನರ ಹೋಗಿದೆ. ಅದಕ್ಕೇ ಅವರು ಲೋಹ ಉಜ್ಜುವ ಅರ ಆಡಿಸಿದರೆ ಗೆರೆ ಓರೆಯಾಗಿ ಬಂದು ಕೊನೆಯಲ್ಲಿ ಬಾಗುತ್ತದೆ. ಹುಟ್ಟಿದಾಗಿನಿಂದ ನಾನು ಆ ಗೆರೆಗಳನ್ನು ನೋಡಿಕೊಂಡು ಬೆಳೆದವಳು. ಈ ಭೂಮಿಯ ಮೇಲೆ ಅದನ್ನು ಗುರುತು ಹಿಡಿಯಬಲ್ಲವಳು ನಾನೊಬ್ಬಳೇ.

ಆಗ ನನಗೆ ಮೊದಲು ಬಂದ ಯೋಚನೆ ಯಾವುದೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಸಮಿತಿಯವರಿಗೆ ಇದು ಕಾಣುವುದಿಲ್ಲ ಎಂಬ ಯೋಚನೆ. ಎಮರಿ ಕಾಗದದಲ್ಲಿ ನಾಲ್ಕು ಸಲ ಉಜ್ಜಿದರೆ ಗೆರೆ ಹೋಗುತ್ತದೆ, ಚೂರುಗಳ ರಾಶಿಯಲ್ಲಿ ಇದೂ ಒಂದು ಚೂರಾಗುತ್ತದೆ. ಅಬ್ಬನಿಗೆ ಅರವತ್ತೆರಡು. ಕೆಂಚಕ್ಕನಿಗಾದರೂ ಏನು, ಜೈಲಿಗೇನೂ ಹಾಕುವುದಿಲ್ಲ, ನಾಲ್ಕು ದಿನ ಜನ ಆಡಿಕೊಳ್ಳುತ್ತಾರೆ, ಮರೆಯುತ್ತಾರೆ ಅಂದುಕೊಂಡೆ. ಬ್ಲೇಡನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಪಟ್ಟಿಯಲ್ಲಿ ಹದಿನೇಳರ ಮುಂದೆ ಸಿಕ್ಕಿಲ್ಲ ಎಂದು ಬರೆದೆ.

ಶನಿವಾರ ಬೆಳಿಗ್ಗೆ ಶೆಡ್ಡಿಗೆ ಹೋದಾಗ ದೂರದಲ್ಲಿ ದಾರಿಯ ಮೇಲೆ ಯಾರೋ ಬಗ್ಗಿ ನಡೆಯುತ್ತಿದ್ದರು. ಹತ್ತಿರ ಹೋದೆ. ಕೆಂಚಕ್ಕ, ಬರಿಗಾಲಲ್ಲಿ, ಏಳನೇ ಪಾಲಿನಲ್ಲಿ. ಮಡಿಲಲ್ಲಿ ಹರಳುಗಳಿದ್ದವು. ಇನ್ನು ಇಲ್ಲಿ ಕಾರು ಓಡುವುದಿಲ್ಲ, ಮನೆಗೆ ಹೋಗು ಅಂದೆ. ಅವಳು ನೆಟ್ಟಗೆ ನಿಂತಳು. ನಾಲ್ಕು ದಿನದಲ್ಲಿ ಮುಖ ಇಳಿದುಹೋಗಿತ್ತು.

"ಯಾವ ಕಲ್ಲಮ್ಮ ಅದು?" ಅಂದಳು. "ಒಂದ್ಸಲ ನಂಗೆ ತೋರ್ಸು. ದಿನಾ ಬಂದು ನೋಡ್ತೀನಿ, ಇಲ್ಲಿ ಅಂಥದ್ದು ಎಲ್ಲಿತ್ತು ಅಂತ. ನನ್ ಕಾಲಿಗೆ ಹೆಂಗೆ ಸಿಗ್ದಂಗೆ ಹೋತು ಅದು?"

ಅವಳು ಮತ್ತೂ ಹೇಳಿದಳು. ಚಿಕ್ಕಜಾಜೂರಿನಿಂದ ಆ ಹುಡುಗನ ತಾಯಿ ಬಂದು ಇವಳ ಮನೆ ಬಾಗಿಲಲ್ಲಿ ನಿಂತು ಹೋಗಿದ್ದರಂತೆ. ಬೈಯಲಿಲ್ಲವಂತೆ, ಅಳಲೂ ಇಲ್ಲವಂತೆ. ಇವಳ ಮುಖವನ್ನು ನೋಡಿ ಹೋದರಂತೆ. ಅಂದಿನಿಂದ ಒಲೆ ಹಚ್ಚಿಲ್ಲ ಎಂದಳು. ನನ್ನ ಬ್ಯಾಗು ಹೆಗಲ ಮೇಲೆ ಇತ್ತು, ಅದರೊಳಗೆ ಬ್ಲೇಡು ಇತ್ತು. ನಾನು ಅಲ್ಲಿಂದ ತಿರುಗಿ ಬಂದೆ. ನನ್ನಷ್ಟು ಹೇಡಿ ಆ ಬೆಳಿಗ್ಗೆ ಚಿತ್ರದುರ್ಗ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ.

ಭಾನುವಾರ ಹಿರಿಯೂರಿನ ಅಂಗಡಿಗೆ ಹೋಗಿ, ಅಬ್ಬ ಕೂತಿದ್ದ ಸ್ಟೂಲಿನ ಮುಂದೆ ಕರವಸ್ತ್ರ ಬಿಚ್ಚಿಟ್ಟೆ. ಇದೇನೆಂದು ಅವರು ಕೇಳಲಿಲ್ಲ. ಮನೆಯಲ್ಲಿ ನಮ್ಮದು ಉರ್ದು, ಆದರೆ ಅಂಗಡಿಯಲ್ಲಿ ಅಬ್ಬನ ಮಾತೆಲ್ಲ ಕನ್ನಡವೇ.

"ನೀನ್ ದುರ್ಗಕ್ಕೆ ಹೋಗಿದ್ದಾಗ ಮೂತಿ ಚೂರು ತಟ್ತಿದ್ದೆ, ಡಾಲಿ ಕೈ ಜಾರ್ತು ಬೇಟಾ," ಅಂದರು. "ಒಂದು ರೆಕ್ಕೆ ಚೂರು ಬಾಗ್ತು, ಅಕ್ಕಿಕಾಳಷ್ಟು. ಪಕ್ಕಡ್ ಇಕ್ಕಳದಾಗೆ ಹಿಡ್ದು ನೆಟ್ಟಗೆ ಮಾಡ್ದೆ. ಅಂಚಿಗೆ ಅರ ಆಡ್ಸಿ ನುಣ್ಣಗೆ ಮಾಡ್ದೆ. ನೀನೇ ಹತ್ತಿ ಎಳ್ದಲ್ಲ, ನಿಂಗೂ ಸಿಗ್ಲಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ ಅಬ್ಬಾ?"

"ಹೇಳಿದ್ರೆ ರೌಂಡ್ ಹಾಕ್ತಿದ್ದೆ."

ಇಷ್ಟೇ. ಅವರಿಗೆ ಅದರಲ್ಲಿ ಮೋಸವೇ ಕಂಡಿರಲಿಲ್ಲ. ತಗಡು ಬಾಗಿದರೆ ನೆಟ್ಟಗೆ ಮಾಡುವುದು, ಮಾಡಿದ್ದು ಕಾಣದಂತೆ ಮಾಡುವುದು, ನಲವತ್ತು ವರ್ಷ ಅವರು ಅದಕ್ಕೇ ಮೆಚ್ಚುಗೆ ಪಡೆದದ್ದು. ಮಗಳ ಜೊತೆ ಕೆಲಸ ಮಾಡುವ ಅಷ್ಟು ಜನರ ಮುಂದೆ ತಮ್ಮ ಕೈತಪ್ಪಿಗೆ ಕೆಂಪು ಸುತ್ತು ಬೀಳುವುದು ಅವರಿಗೆ ಬೇಡವಾಗಿತ್ತು. ಲಾರಿಯ ಬಾಗಿಲನ್ನು ಬಾಗಿಸಿ ನೆಟ್ಟಗೆ ಮಾಡಿದರೆ ಬಾಗಿಲೇ ಆಗಿರುತ್ತದೆ. ಈ ಬ್ಲೇಡನ್ನು ನೆಟ್ಟಗೆ ಮಾಡಿದ ಗಳಿಗೆಯಲ್ಲೇ ಅದರೊಳಗೆ ಬಿರುಕು ಹುಟ್ಟಿತ್ತು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಸುತ್ತು ಹಾಕುವುದನ್ನು ತೋರಿಸಿದ್ದೆ, ಸುತ್ತು ಯಾಕೆ ಅನ್ನುವುದನ್ನು ರೇಗಿ ಮುಗಿಸಿದ್ದೆ. ಬ್ಲೇಡಿನ ಕಪ್ಪು ಅಂಚನ್ನು ತೋರಿಸಿ ಈಗ ಎಲ್ಲವನ್ನೂ ಹೇಳಿದೆ. ಜೊತೆಗೆ ಹೇಳಬಾರದ ಮಾತುಗಳನ್ನೂ ಹೇಳಿದೆ, ಕೊಂದಿರಿ ಎಂಬ ಮಾತನ್ನೂ. ಕೊನೆಗೆ ಕೆಂಚಕ್ಕನ ವಿಷಯ ಹೇಳಿದಾಗ ಅವರು ತಲೆ ಎತ್ತಿದರು. ಊರು ಅವಳನ್ನು ದೂರುತ್ತಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಸಾವಿನ ದಿನದಿಂದ ಅವರು ಅಂಗಡಿ ಬಿಟ್ಟು ಕದಲಿರಲಿಲ್ಲ.

ಬ್ಲೇಡನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ, ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತಾಳೆ ಆಕೆ ಎಂದು ಕೇಳಿದರು.

ಸೋಮವಾರ ಏಳಕ್ಕೆ ನನ್ನ ಸ್ಕೂಟರಿನ ಹಿಂದೆ ಕೂತು ಬಂದರು. ದಾರಿಯಲ್ಲಿ ಒಂದೇ ಮಾತು ಕೇಳಿದ್ದು, ಜೈಲಿಗೆ ಹಾಕುತ್ತಾರಾ ಅಂತ. ಗೊತ್ತಿಲ್ಲ ಅಂದೆ. ಇಬ್ಬರನ್ನೂ ಹಾಕಬಹುದು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಸುತ್ತಿಲ್ಲದ ಉಳಿದ ಹದಿನಾರು ಬ್ಲೇಡುಗಳಿಗೂ ಬಣ್ಣ ಹಚ್ಚಿ ನೋಡಲು ಅರ್ಧ ದಿನ ಸಾಕಾಗಿತ್ತು, ನಾನು ನೋಡಿರಲಿಲ್ಲ. ಸಮಿತಿಗೆ ಕೊಡುವ ಕಾಗದದಲ್ಲಿ ಅದನ್ನೂ ಬರೆದಿದ್ದೆ, ಬ್ಲೇಡು ಮುಚ್ಚಿಟ್ಟದ್ದನ್ನೂ ಬರೆದಿದ್ದೆ.

ಕೆಂಚಕ್ಕ ಏಳನೇ ಪಾಲಿನಲ್ಲೇ ಇದ್ದಳು. ಅಬ್ಬ ಚಪ್ಪಲಿ ದಾರಿಯ ಅಂಚಿನಲ್ಲಿ ಬಿಟ್ಟು ಅವಳ ಹತ್ತಿರ ಹೋಗಿ, ಬ್ಲೇಡನ್ನು ಅವಳ ಅಂಗೈ ಮೇಲೆ ಇಟ್ಟರು.

"ಕಲ್ಲಲ್ಲ ಕೆಂಚಕ್ಕ. ನಿನ್ ಪಾಲ್ನಾಗೆ ಕಲ್ಲೇ ಇರ್ಲಿಲ್ಲ. ಇದು ಮುರೀತು. ಇದ್ನ ಕೆಡ್ಸಿದ್ದು ನಾನು."

ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿದಳು. ಕಲ್ಲಿನ ಮೇಲೆ ಆಡಿಸುವ ಹಾಗೆಯೇ ಅಂಚಿನ ಮೇಲೆ ಬೆರಳಾಡಿಸಿದಳು.

"ಇದ್ರಾಗೆ ಏನೂ ಕಾಣಂಗಿಲ್ಲಲ್ಲ ಸಾಬ್ರೇ."

"ಕಾಣಬಾರ್ದು ಅಂತ್ಲೇ ಮಾಡಿದ್ದಮ್ಮ."

ಅಬ್ಬ ನನ್ನ ಕಡೆ ಕೈ ಚಾಚಿದರು. ಏನು ಬೇಕೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಮಾರ್ಕರ್ ಕೊಟ್ಟೆ. ಅವಳ ಅಂಗೈ ಮೇಲೆಯೇ ಬ್ಲೇಡನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಮಡಚದ ಬೆರಳಿನಿಂದ, ತಮ್ಮ ಅರ ಆಡಿದ ಜಾಗದ ಸುತ್ತ ಕೆಂಪು ಸುತ್ತು ಹಾಕಿದರು. ಸುತ್ತು ಅಂಕುಡೊಂಕಾಯಿತು, ಒಂದು ಕಡೆ ಅವಳ ಚರ್ಮಕ್ಕೂ ತಾಗಿತು. ಹನ್ನೊಂದಕ್ಕೆ ಸಮಿತಿಯ ಮುಂದೆ ಇದನ್ನೇ ಹೇಳುತ್ತೇನೆ, ನಿರಂಜನನ ತಾಯಿಯ ಮುಂದೆಯೂ ಹೇಳುತ್ತೇನೆ ಅಂದರು.

ಕೆಂಚಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬ್ಲೇಡನ್ನು ನನ್ನ ಕೈಗೆ ಕೊಟ್ಟು, ಮೊನ್ನೆಯೇ ಇದನ್ನು ನೋಡಿದ್ದೆಯಾ ಎಂದು ಕಣ್ಣಲ್ಲೇ ಕೇಳಿದಳು. ನಾನು ಹೌದೆಂದೆ. ಅವಳು ಮಡಿಲು ಬಿಚ್ಚಿ, ನಾಲ್ಕಾರು ದಿನದಿಂದ ಆಯ್ದ ಹರಳುಗಳನ್ನೆಲ್ಲ ನಮ್ಮಿಬ್ಬರ ಕಾಲ ಬುಡದಲ್ಲಿ ಸುರಿದು, ಸೀರೆ ಕೊಡವಿಕೊಂಡು ಊರ ಕಡೆ ನಡೆದುಹೋದಳು. ತಿರುಗಿ ನೋಡಲಿಲ್ಲ.

ಅಬ್ಬ ಕುಕ್ಕರಗಾಲಲ್ಲಿ ಕೂತು ಆ ಹರಳುಗಳನ್ನು ಒಂದೊಂದಾಗಿ ಆಯತೊಡಗಿದರು. ಇನ್ನು ಇಲ್ಲಿ ಯಾವ ಕಾರೂ ಓಡುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ನಾನೂ ಅವರ ಪಕ್ಕದಲ್ಲಿ ಕೂತು ಆಯ್ದೆ.